ಎರಡೇ ಕೋವಿಯ ಸಂಗ್ರಹ

ಸಂಗ್ರಹ ಅಂದ ಕೂಡಲೇ ಗೋಡೆ ತುಂಬ ಬಂದೂಕು ನೇತುಹಾಕಿದ ಚಿತ್ರ ಕಣ್ಣಿಗೆ ಬರುತ್ತದೆ, ಅಲ್ವಾ? ನನ್ನ ಹತ್ತಿರ ಇರುವುದು ಎರಡೇ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ನಮ್ಮಂಥವರಿಗೆ ಎರಡಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ, ಮೊದಲು ಮೂರರವರೆಗೆ ಇಡಬಹುದಿತ್ತು. ಅದರಲ್ಲೂ ಒಂದು ಶಿರಸಿ ಕಡೆಯ ತೋಟ ಕಾಯುವ ಮಾಮೂಲಿ ತೋಟೆ ಕೋವಿ. ಹುಚ್ಚು ಹಿಡಿಸಿದ್ದು ಇನ್ನೊಂದು: ಪಾಯಿಂಟ್ 22 ತರಬೇತಿ ರೈಫಲ್, ನಂಬರ್ 2 ಮಾರ್ಕ್ 4 ಸ್ಟಾರ್ ಅನ್ನುವ ಮಾದರಿ.

ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರಿಗೆ ಈ ಜಾತಿಯ ಪರಿಚಯ ಇರುತ್ತದೆ. 25 ಗಜ ದೂರ, ಹೊಟ್ಟೆ ಮೇಲೆ ಮಲಗಿ ಐದು ಗುಂಡು, ಆಮೇಲೆ ಗ್ರೂಪಿಂಗ್ ಎಷ್ಟು ಬಂತು, ಅಂದರೆ ತೂತುಗಳು ಎಷ್ಟು ಹತ್ತಿರ ಬಿದ್ದಿವೆ ಅಂತ ಅಳೆಯುವುದು. ಹೊರಗಿಂದ ನೋಡಿದರೆ ಪಕ್ಕಾ 303, ಸೈನ್ಯದ ದೊಡ್ಡ ಗುಂಡಿನ ರೈಫಲ್. ಸಿಪಾಯಿಗೆ ಅಸಲಿ ಕೋವಿ ಹಿಡಿದ ಅಭ್ಯಾಸವೇ ಆಗಬೇಕು, ಗುಂಡಿನ ಖರ್ಚು ಮಾತ್ರ ಕಡಿಮೆ ಇರಬೇಕು, ಸಣ್ಣ ಜಾಗದಲ್ಲೂ ಹೊಡೆಯಲು ಬರಬೇಕು, ಅದಕ್ಕೆ ಈ ವೇಷ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ತಮ್ಮವರ ಗುರಿ ಎಷ್ಟು ಕಳಪೆ ಅಂತ ಕಂಡ ಮೇಲೆ ಬ್ರಿಟಿಷರಿಗೆ ಹತ್ತಿದ ಗೀಳು ಇದು. ಹಳೆಯ 303 ನಳಿಗೆಯನ್ನು ಎಸೆಯದೆ ಒಳಗೆ ಕೊರೆದು 22ರ ಕೊಳವೆ ತೂರಿಸಿದರು. ಪಾರ್ಕರ್ ಅನ್ನುವ ಕಂಪನಿಯ ಉಪಾಯವಾದ್ದರಿಂದ ಅದಕ್ಕೆ ಪಾರ್ಕರೈಫ್ಲಿಂಗ್ ಅಂತಲೇ ಹೆಸರು. ಮ್ಯಾಗಜಿನ್ ಕೂಡ ಇದೆ, ಆದರೆ ಒಳಗೆ ಸ್ಪ್ರಿಂಗೇ ಇಲ್ಲ. ಒಂದೊಂದೇ ತೋಟೆ ಕೈಯಲ್ಲಿ ಹಾಕಬೇಕು, ಹೊಡೆದ ಮೇಲೆ ಖಾಲಿ ಕೇಸು ಆ ಡಬ್ಬಿಗೆ ಬೀಳುತ್ತದೆ. ಇದು ಗೊತ್ತಿಲ್ಲದ ಅಪ್ಪ, ಮಾರಿದವನು ಸ್ಪ್ರಿಂಗ್ ಕದ್ದ ಅಂತ ವರ್ಷಗಟ್ಟಲೆ ಬೈಯುತ್ತಿದ್ದ.

ಅಪ್ಪನಿಗೆ 70 ದಾಟಿದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸಿದೆವು. ನಿಯಮದಲ್ಲಿ ಅದಕ್ಕೆ ದಾರಿ ಇದೆ. ಕಾಗದ, ಸಹಿ, ಓಡಾಟ, ಅದರ ಕಥೆ ಬಿಡಿ.

ನಾನು ಇರುವುದು ಕಾರವಾರದಲ್ಲಿ. ಶಿರಸಿಯಲ್ಲಿ ಮಳೆ ಎಷ್ಟೇ ಹೊಯ್ದರೂ ಅಟ್ಟದ ಮೇಲೆ ಬೆಚ್ಚಗೆ ಕೂತಿದ್ದ ಕೋವಿ, ಇಲ್ಲಿನ ಉಪ್ಪುಗಾಳಿಗೆ ಬಂದ ಮೊದಲ ಮಳೆಗಾಲದಲ್ಲೇ ಕೆಂಪು ಪುಡಿ ಬಿಟ್ಟಿತು. ಸುಮ್ನೆ ಮೇಲೆ ಒರೆಸಿದರೆ ಸಾಲದು. ತುಕ್ಕು ಕೂರುವುದು ನಳಿಗೆಯ ತಳಕ್ಕೆ, ಮರದ ಒಳಗೆ, ಕಣ್ಣಿಗೆ ಕಾಣದ ಕಡೆ. ಹಾಗಾಗಿ ಬಿಚ್ಚಲೇಬೇಕು ಅಂತ ಕೂತೆ. ಮೊದಲು ಹಿಂದಿನ ದಸ್ತೆಯ, ಅಂದರೆ ಭುಜಕ್ಕೆ ಒತ್ತುವ ಮರದ, ಬೋಲ್ಟ್ ತಿರುಪಿದೆ. ಟಕ್ ಅಂತ ಸದ್ದು, ಮುಂದಿನ ಮರ ಸೀಳಿತ್ತು. ಆ ಬೋಲ್ಟಿನ ಚೌಕಾಕಾರದ ತುದಿ ಮುಂದಿನ ಮರಕ್ಕೆ ಸಿಕ್ಕಿಕೊಂಡಿರುತ್ತದೆ. ಯಾವತ್ತೂ ಮುಂದಿನ ಮರ ಮೊದಲು ತೆಗೆಯಬೇಕು, ದಸ್ತೆ ಆಮೇಲೆ. ಇಷ್ಟು ಚಿಕ್ಕ ವಿಷಯಕ್ಕೆ ಅಷ್ಟು ಹಳೆಯ ಮರ ಹೋಯಿತು. ಅಂಟು ಹಾಕಿ ಕೂರಿಸಿದ್ದೇನೆ, ಗೆರೆ ಇನ್ನೂ ಕಾಣುತ್ತದೆ.

ಮರಕ್ಕೆ ಅಗಸೆ ಎಣ್ಣೆ, ಅದೂ ತೆಳುವಾಗಿ, ಅಂಗೈಯಲ್ಲಿ ತಿಕ್ಕಿ. ಕಬ್ಬಿಣಕ್ಕೆ ಕೋವಿ ಎಣ್ಣೆ. ಕೊಬ್ಬರಿ ಎಣ್ಣೆ ಹಚ್ಚು ಅಂತ ಆಯಿ ಹೇಳಿದ್ದಳು, ಹಚ್ಚಿದೆ, ನಾಲ್ಕು ತಿಂಗಳಿಗೆ ಅಂಟಂಟಾಗಿ, ತೋಟೆ ಹಾಕಲು ಹಿಂದಕ್ಕೆ ಎಳೆಯುವ ಬೋಲ್ಟೇ ಎಳೆಯಲು ಬರಲಿಲ್ಲ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ಅದು ನೀರು ಕುಡಿದು ಕಬ್ಬಿಣಕ್ಕೆ ಕುಡಿಸುತ್ತದೆ. ತೋಟೆ ಹಾಕದೆ ಕುದುರೆ (ಟ್ರಿಗರ್) ಎಳೆದು ಟಕ್ ಟಕ್ ಆಡುವುದೂ ಬೇಡ. 22ರ ತೋಟೆ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವಂಥದ್ದು, ತೋಟೆ ಇಲ್ಲದಿದ್ದರೆ ಆ ಪೆಟ್ಟು ನಳಿಗೆಯ ಅಂಚಿಗೇ ಬೀಳಬಹುದು.

ಚುನಾವಣೆ ಬಂದರೆ ಇನ್ನೊಂದು ತಲೆಬಿಸಿ, ಕೋವಿ ಡಿಪಾಸಿಟ್ ಇಡಬೇಕು. 2024ರಲ್ಲಿ ನಮ್ಮ ಮತದಾನ ಮೇ 7ಕ್ಕೆ ಮುಗಿದರೂ ನೀತಿಸಂಹಿತೆ ಜೂನ್‌ವರೆಗೆ ಇತ್ತು. ವಾಪಸ್ ಸಿಗುವಾಗ ಹೊರಗೆ ಮಳೆ ಸುರಿಯುತ್ತಿತ್ತು, ನಳಿಗೆ ತುಂಬ ತುಕ್ಕಿನ ಚುಕ್ಕಿ. ತಪ್ಪು ನನ್ನದೇ, ಎಣ್ಣೆ ಹಚ್ಚದೆ ಕೊಟ್ಟಿದ್ದೆ. ಈಗ ಗ್ರೀಸ್ ಬಳಿದು, ಎಣ್ಣೆ ಕಾಗದ ಸುತ್ತಿ ಕೊಡುತ್ತೇನೆ, ನೋಡಿದವರು ನಗುತ್ತಾರೆ.

ಮೂರನೇ ಕೋವಿ ಆಗದು ಅಂತ ಆದ ಮೇಲೆ ಸುತ್ತಮುತ್ತಲಿನದನ್ನು ಕೂಡಿಸಲು ಶುರು ಮಾಡಿದೆ. ಹಿತ್ತಾಳೆಯ ಎಣ್ಣೆ ಬುಡ್ಡಿ, ನಳಿಗೆಯೊಳಗೆ ಎಳೆದು ಒರೆಸುವ ಪುಲ್‌ಥ್ರೂ ಹಗ್ಗ, ಹೆಗಲಿಗೆ ಹಾಕುವ ದಪ್ಪ ಬಟ್ಟೆಯ ಪಟ್ಟಿ (ಸ್ಲಿಂಗ್), ಟಾರ್ಗೆಟ್ ಕಾರ್ಡು, ಕವಾಯತಿನ ಹಳೆಯ ಪುಸ್ತಕ. ಬೋಲ್ಟು, ನಳಿಗೆ ಬಿಡಿಯಾಗಿ ಸಿಕ್ಕರೂ ಮುಟ್ಟುವುದಿಲ್ಲ, ಕಾನೂನಿನಲ್ಲಿ ಕೋವಿಯ ಭಾಗವೂ ಕೋವಿಯೇ. ಹೋದ ತಿಂಗಳು ಗುಜರಿಯಲ್ಲಿ ಒಂದು ಎಣ್ಣೆ ಬುಡ್ಡಿ ಸಿಕ್ಕಿತು. ಮುಚ್ಚಳ ತಿರುಗುತ್ತಿಲ್ಲ, ಸೀಮೆಎಣ್ಣೆಯಲ್ಲಿ ನೆನೆಹಾಕಿ ಇಟ್ಟಿದ್ದೇನೆ.