ನಿಮ್ಮ ಎಂಪಿ ಪಾರ್ಲಿಮೆಂಟಲ್ಲಿ ಏನು ಕೇಳಿದ್ರು, ಯಾವ ಕಡೆ ವೋಟ್ ಹಾಕಿದ್ರು ಅಂತ ಹುಡುಕೋದು ಹೇಗೆ

ನಮ್ಮನೇಲಿ ಎಲೆಕ್ಷನ್ ಬಂದಾಗೆಲ್ಲ ಅಪ್ಪ ಒಂದು ಮಾತು ಹೇಳ್ತಿದ್ರು, "ಇಲ್ಲಿ ಇಷ್ಟು ಮಾತಾಡೋರು ಡೆಲ್ಲೀಲಿ ಬಾಯಿ ಬಿಡ್ತಾರೋ ಇಲ್ವೋ ಯಾರಿಗೆ ಗೊತ್ತು" ಅಂತ. ಅದನ್ನ ಮೊಬೈಲಲ್ಲೇ ನೋಡ್ಕೋಬಹುದು, ಒಂದು ಸಂಜೆ ಕೂತ್ರೆ ಸಾಕು.

ಮೊದಲು ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಅನ್ನೋರ ವೆಬ್‌ಸೈಟಿಗೆ ಹೋಗಿ, ಅದರಲ್ಲಿ ಎಂಪಿ ಟ್ರ್ಯಾಕ್ ಅಂತ ಇದೆ, ನಿಮ್ಮ ಎಂಪಿ ಹೆಸರು ಹಾಕಿ. ಹಾಜರಿ ಎಷ್ಟು, ಎಷ್ಟು ಚರ್ಚೇಲಿ ಮಾತಾಡಿದ್ರು, ಎಷ್ಟು ಪ್ರಶ್ನೆ ಕೇಳಿದ್ರು, ಖಾಸಗಿ ಮಸೂದೆ (ಮಂತ್ರಿ ಅಲ್ಲದ ಸದಸ್ಯರು ತಾವೇ ತರೋ ಮಸೂದೆ) ಏನಾದ್ರೂ ತಂದ್ರಾ ಎಲ್ಲಾ ಬರುತ್ತೆ, ಪಕ್ಕದಲ್ಲೇ ರಾಜ್ಯದ ಸರಾಸರಿ ದೇಶದ ಸರಾಸರಿನೂ ಇರುತ್ತೆ. ಆದರೆ ಮಂಡ್ಯ, ಧಾರವಾಡ, ತುಮಕೂರು, ಬೆಂಗಳೂರು ಉತ್ತರದವರು ಇಲ್ಲೊಂದು ವಿಷಯ ಗಮನಿಸಬೇಕು, ಕುಮಾರಸ್ವಾಮಿ, ಪ್ರಲ್ಹಾದ್ ಜೋಶಿ, ಸೋಮಣ್ಣ, ಶೋಭಾ ಕರಂದ್ಲಾಜೆ ನಾಲ್ಕೂ ಜನ 2024ರಲ್ಲಿ ಕೇಂದ್ರ ಮಂತ್ರಿ ಆದರು, ಮಂತ್ರಿ ಆದವರು ಪ್ರಶ್ನೆಗೆ ಉತ್ತರ ಕೊಡೋರೇ ಹೊರತು ಕೇಳೋರಲ್ಲ, ಹಾಜರಿನೂ ಹಾಕಲ್ಲ. ಹಾಗಾಗಿ ಅವರ ಲೆಕ್ಕ ಖಾಲಿ ಕಂಡ್ರೆ ಕೆಲಸ ಮಾಡಿಲ್ಲ ಅಂತಲ್ಲ. ಇನ್ನು ಹಾಜರಿ 90 ಪರ್ಸೆಂಟ್ ಅಂದ್ರೆ ಅಷ್ಟು ದಿನ ಹಾಜರಿ ಹಾಕಿದ್ದಾರೆ ಅಂತ ಅಷ್ಟೇ ಅರ್ಥ, ಸಾಯಂಕಾಲದ ತನಕ ಕೂತಿದ್ರಾ ಅಂತ ಅದರಿಂದ ತಿಳಿಯಲ್ಲ.

ತುಂಬಾ ಜನ ಇಲ್ಲಿಗೇ ನಿಲ್ಲಿಸಿ "ನಮ್ಮ ಎಂಪಿ 200 ಪ್ರಶ್ನೆ, ನಿಮ್ಮೋರು 40" ಅಂತ ಜಗಳ ಶುರು ಮಾಡ್ತಾರೆ. ದಯವಿಟ್ಟು ನಿಲ್ಲಿಸಬೇಡಿ, ಅಸಲಿ ವಿಷಯ ಪ್ರಶ್ನೆ ಒಳಗಡೆ ಇದೆ.

ಸಂಸತ್ತಿನದ್ದೇ ಸೈಟು ಸಂಸದ್ ಡಾಟ್ ಇನ್ (sansad.in), ಅದರಲ್ಲಿ ಲೋಕಸಭೆ ಆರಿಸ್ಕೊಂಡು ಪ್ರಶ್ನೆಗಳ ವಿಭಾಗಕ್ಕೆ ಹೋಗಿ ಸದಸ್ಯರ ಹೆಸರು, ಖಾತೆ, ಅಧಿವೇಶನ ಹಿಡಿದು ಹುಡುಕಿ. ಪ್ರಶ್ನೆ ಉತ್ತರ ಎರಡೂ ಪಿಡಿಎಫ್ ಸಿಗುತ್ತೆ, ಇಂಗ್ಲಿಷು ಇಲ್ಲಾ ಹಿಂದಿ, ಕನ್ನಡದಲ್ಲಿ ಇಲ್ಲ ಅನ್ನೋದು ನಂಗೆ ನಿಜಕ್ಕೂ ಬೇಜಾರಿನ ವಿಷಯ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಕೊಡಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು, ಲೋಕಸಭೇಲಿ ದಿನಕ್ಕೆ ಇಂಥವು 20 ಮಾತ್ರ, ಅದರಲ್ಲೂ 11ರಿಂದ 12 ಗಂಟೆ ಒಳಗೆ ನಾಕೈದು ಮುಗಿದ್ರೆ ಹೆಚ್ಚು. ಚುಕ್ಕೆ ಇಲ್ಲದವು ದಿನಕ್ಕೆ 230, ಬರೀ ಬರಹದ ಉತ್ತರ. ಯಾರ ಪ್ರಶ್ನೆ ಪಟ್ಟಿಗೆ ಬರಬೇಕು ಅನ್ನೋದು ಲಾಟರಿ ಎತ್ತಿ ತೀರ್ಮಾನ ಆಗುತ್ತೆ, ಹಾಗಾಗಿ ಚುಕ್ಕೆ ಪ್ರಶ್ನೆ ಕಮ್ಮಿ ಅಂತ ಯಾರನ್ನೂ ಬೈಯೋ ಹಾಗಿಲ್ಲ.

ಓದುವಾಗ ನಾನು ನೋಡೋದು ಮೂರು. ಪ್ರಶ್ನೇಲಿ ನಮ್ಮ ಜಿಲ್ಲೆ ಹೆಸರು ಇದೆಯಾ? "ದೇಶದಲ್ಲಿ ಎಷ್ಟು ರೈಲ್ವೆ ಗೇಟ್ ಇವೆ" ಅಂತ ಕೇಳೋದಕ್ಕೂ ನಮ್ಮೂರ ಗೇಟಿಗೆ ಮೇಲ್ಸೇತುವೆ ಯಾವಾಗ ಅಂತ ಕೇಳೋದಕ್ಕೂ ತುಂಬಾ ವ್ಯತ್ಯಾಸ ಇದೆ. ಎರಡನೇದು, ಒಂದೇ ಪ್ರಶ್ನೆ ಮೇಲೆ ಎಷ್ಟು ಜನರ ಹೆಸರಿದೆ, ಒಂದೇ ಥರದ್ದನ್ನ ಒಟ್ಟು ಸೇರಿಸ್ತಾರೆ, ಆದರೆ ಲೆಕ್ಕದಲ್ಲಿ ಎಲ್ಲರಿಗೂ ಒಂದೊಂದು ಸೇರುತ್ತೆ. ಮೂರನೇದೇ ಮುಖ್ಯ, ಅದೇ ವಿಷಯಕ್ಕೆ ಮುಂದಿನ ಅಧಿವೇಶನದಲ್ಲಿ ಮತ್ತೆ ಬಂದ್ರಾ? ಮಲೆನಾಡಿನೋರಾದ್ರೆ ಅಡಿಕೆ ಎಲೆಚುಕ್ಕಿ ರೋಗ ಅಂತ ಕೃಷಿ ಖಾತೆ ಕೆಳಗೆ ಹುಡುಕಿ ನೋಡಿ, ಒಂದು ಸಲ ಕೇಳಿ ಬಿಟ್ಟೋರು ಯಾರು, ಬೆನ್ನು ಹತ್ತಿದೋರು ಯಾರು ತಿಳಿಯುತ್ತೆ. ಉತ್ತರದಲ್ಲಿ "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದಿಡಲಾಗುವುದು" ಅಂತಿದ್ರೆ ಅದು ಭರವಸೆ ಅಂತ ದಾಖಲಾಗುತ್ತೆ, 3 ತಿಂಗಳಲ್ಲಿ ಈಡೇರಿಸಬೇಕು, ಅದನ್ನ ನೋಡೋಕೆ ಒಂದು ಸಮಿತಿನೇ ಇದೆ.

ವೋಟಿನ ವಿಷಯ ಮಾತ್ರ ಕಷ್ಟ. ಹೆಚ್ಚಿನ ಮಸೂದೆ ಧ್ವನಿಮತದಲ್ಲಿ ಪಾಸ್ ಆಗುತ್ತೆ, ಯಾರು ಹೌದು ಅಂದ್ರು ಯಾರು ಇಲ್ಲ ಅಂದ್ರು ಎಲ್ಲೂ ಬರೆದಿರಲ್ಲ. ಯಾರಾದ್ರೂ ಡಿವಿಷನ್ (ಅಂದ್ರೆ ಒಬ್ಬೊಬ್ಬರ ವೋಟು ಎಣಿಸೋದು) ಕೇಳಿ ಅದು ನಡೆದ್ರೆ ಮಾತ್ರ ಹೆಸರು ದಾಖಲಾಗುತ್ತೆ, ಸಂವಿಧಾನ ತಿದ್ದುಪಡಿಗಾದ್ರೆ ಡಿವಿಷನ್ ಆಗಲೇಬೇಕು. 2023ರ ಸೆಪ್ಟೆಂಬರ್ 20ಕ್ಕೆ ಮಹಿಳಾ ಮೀಸಲಾತಿ ಮಸೂದೆ 454ಕ್ಕೆ 2 ಅಂತ ಪಾಸ್ ಆಯ್ತಲ್ಲ, 2025ರ ಏಪ್ರಿಲಲ್ಲಿ ವಕ್ಫ್ ತಿದ್ದುಪಡಿ 288ಕ್ಕೆ 232, ಇಂಥವನ್ನ ಹುಡುಕಬಹುದು. ಅದೇ ಸೈಟಲ್ಲಿ ಚರ್ಚೆಗಳ ವಿಭಾಗಕ್ಕೆ ಹೋಗಿ ಆ ದಿನದ ಪೂರ್ತಿ ಕಲಾಪ ತೆಗೆದ್ರೆ ಪರ ವಿರೋಧ ಹೆಸರುಗಳ ಪಟ್ಟಿ ಇರುತ್ತೆ. ವಕ್ಫ್ ವೋಟಿಂಗ್ ಆಗಿದ್ದು ರಾತ್ರಿ 12 ದಾಟಿದ್ಮೇಲೆ, ಅದಕ್ಕೆ 3ರಲ್ಲಿ ಸಿಗದಿದ್ರೆ 2ನೇ ತಾರೀಖಿನ ಕಲಾಪದಲ್ಲಿ ನೋಡಿ.

ಪಟ್ಟಿ ನೋಡಿ "ಓ ನಮ್ಮೋರು ಪರ ಹಾಕಿದ್ರು" ಅಂತ ದೊಡ್ಡ ಅರ್ಥ ಕಟ್ಟೋಕೂ ಹೋಗಬೇಡಿ. 1985ರಿಂದ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ಪಾರ್ಟಿ ವಿಪ್ (ಹೀಗೇ ವೋಟ್ ಹಾಕಿ ಅನ್ನೋ ಆದೇಶ) ಕೊಟ್ಟಮೇಲೆ ಮೀರಿದ್ರೆ ಸೀಟೇ ಹೋಗಬಹುದು. ಪಟ್ಟೀಲಿ ಹೆಸರೇ ಇಲ್ಲದೋರನ್ನ ನೋಡಿ, ಆ ದಿನ ಎಲ್ಲಿದ್ರು ಅಂತ ಕೇಳೋ ಹಕ್ಕು ನಿಮಗಿದೆ.

ಎಮ್ಮೆಲ್ಲೆ ಬಗ್ಗೆ ಆದ್ರೆ ಕರ್ನಾಟಕ ವಿಧಾನಸಭೆ ಸೈಟಲ್ಲಿ ಪ್ರಶ್ನೋತ್ತರ ಕನ್ನಡದಲ್ಲೇ ಸಿಗುತ್ತೆ. "ಸರ್ಕಾರದ ಗಮನಕ್ಕೆ ಬಂದಿದೆಯೇ", "ಬಂದಿದೆ", "ಉದ್ಭವಿಸುವುದಿಲ್ಲ" ಅನ್ನೋ ಭಾಷೆ ಒಂದೆರಡು ಸಲ ಓದಿದ್ರೆ ಅಭ್ಯಾಸ ಆಗುತ್ತೆ.

ಬೇಕಾದ ಪಿಡಿಎಫ್ ಇಳಿಸ್ಕೊಂಡು ಪ್ರಶ್ನೆ ನಂಬರ್, ತಾರೀಖು ಬರೆದಿಟ್ಕೊಳ್ಳಿ. ಎಂಪಿ ಆಫೀಸಿಗೆ ಪತ್ರ ಬರೆಯುವಾಗ ಆ ನಂಬರ್ ಹಾಕಿ "ಈ ಉತ್ತರ ಬಂದು ಇಷ್ಟು ತಿಂಗಳಾಯ್ತು, ಮತ್ತೆ ಕೇಳಿ" ಅಂತ ಬರೀರಿ. ಪ್ರಶ್ನೆಗೆ ಕಮ್ಮಿ ಅಂದ್ರೂ 15 ದಿನ ಮುಂಚೆ ನೋಟಿಸ್ ಕೊಡಬೇಕಾಗುತ್ತೆ, ಹಾಗಾಗಿ ಅಧಿವೇಶನದ ತಾರೀಖು ಪೇಪರಲ್ಲಿ ಬಂದ ದಿನವೇ ಪತ್ರ ಪೋಸ್ಟ್ ಮಾಡಿಬಿಡಿ.