ಗೇಮ್ ರೆಕಾರ್ಡಿಂಗ್‌ಗೆ ಎಷ್ಟು ಜಾಗ ಬೇಕು? ಮೊದಲೇ ಲೆಕ್ಕ ಹಾಕಿ

ಕಳೆದ ದೀಪಾವಳಿ ರಜೆಯಲ್ಲಿ ಗೆಳೆಯರೆಲ್ಲ ಸೇರಿ ಆಡಿದ ಮ್ಯಾಚ್‌ನ ಕೊನೆಯ ಹನ್ನೊಂದು ನಿಮಿಷ ನನ್ನ ಹತ್ತಿರ ಇಲ್ಲ. ಡಿಸ್ಕ್ ತುಂಬಿ ರೆಕಾರ್ಡಿಂಗ್ ನಿಂತುಹೋಗಿತ್ತು. ನಾವು ಗೆದ್ದದ್ದು ಆ ಹನ್ನೊಂದು ನಿಮಿಷದಲ್ಲೇ. ಇವತ್ತಿಗೂ ಬೇಜಾರಾಗುತ್ತದೆ.

1080ಪಿ ಆದರೆ ಇಷ್ಟು, 4ಕೆ ಆದರೆ ಅಷ್ಟು ಅಂತ ಸುಮ್ನೆ ಅಂದಾಜು ಮಾಡಬೇಡಿ. ಫೈಲ್ ಎಷ್ಟು ದೊಡ್ಡದಾಗುತ್ತದೆ ಅನ್ನುವುದು ಬಿಟ್‌ರೇಟ್ ಮೇಲಿದೆ, ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಬರೆಯುತ್ತದೆ ಅನ್ನುವುದರ ಮೇಲೆ. ನೀವು ರೆಕಾರ್ಡ್ ಮಾಡುವುದು ಒಬಿಎಸ್ ಸ್ಟುಡಿಯೋ ಅನ್ನುವ ಸ್ಕ್ರೀನ್ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಾದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ತೆರೆಯಿರಿ. ಮೋಡ್ ಅಡ್ವಾನ್ಸ್ಡ್ ಮಾಡಿ ರೆಕಾರ್ಡಿಂಗ್ ಟ್ಯಾಬ್ ನೋಡಿ. ಸಿಬಿಆರ್ (ಬಿಟ್‌ರೇಟ್ ಬದಲಾಗದೆ ಒಂದೇ ಸಮ ಇರುವ ಆಯ್ಕೆ) ಆರಿಸಿದ್ದು, ಬಿಟ್‌ರೇಟ್ 20,000 ಕೆಬಿಪಿಎಸ್ ಅಂತಿದ್ದರೆ ಸೆಕೆಂಡಿಗೆ 20 ಮೆಗಾಬಿಟ್ ಅಂತ ಅರ್ಥ.

ಈಗ ಲೆಕ್ಕ. 8 ಬಿಟ್ ಸೇರಿದರೆ 1 ಬೈಟ್. 20ನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ 2.5 ಎಂಬಿ. ನಿಮಿಷಕ್ಕೆ 150 ಎಂಬಿ, ಗಂಟೆಗೆ 9 ಜಿಬಿ. ಇಷ್ಟೆಲ್ಲ ಬೇಡ ಅಂದರೆ ಮೆಗಾಬಿಟ್ ಸಂಖ್ಯೆಯನ್ನು 0.45ರಿಂದ ಗುಣಿಸಿ, ಗಂಟೆಗೆ ಎಷ್ಟು ಜಿಬಿ ಅಂತ ನೇರವಾಗಿ ಸಿಗುತ್ತದೆ. 50 ಇಟ್ಟರೆ 22.5 ಜಿಬಿ. ಧ್ವನಿಯ ಬಗ್ಗೆ ಚಿಂತೆ ಬೇಡ, 160 ಕೆಬಿಪಿಎಸ್‌ನ ಒಂದು ಟ್ರ್ಯಾಕ್ ಗಂಟೆಗೆ ತಿನ್ನುವುದು 72 ಎಂಬಿ ಮಾತ್ರ.

ಸಿಬಿಆರ್ ಬದಲು ಸಿಕ್ಯುಪಿ ಅಥವಾ ಸಿಆರ್‌ಎಫ್ ಅನ್ನುವ ಆಯ್ಕೆ ಇಟ್ಟವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಗುಣಮಟ್ಟ ಒಂದೇ ಸಮ ಇರುತ್ತದೆ, ಬಿಟ್‌ರೇಟ್ ದೃಶ್ಯಕ್ಕೆ ತಕ್ಕಂತೆ ಏರಿಳಿಯುತ್ತದೆ. ಮೆನು ತೆರೆದು ಸುಮ್ಮನೆ ಕೂತರೆ ಫೈಲ್ ಬೆಳೆಯುವುದೇ ಇಲ್ಲ ಅನ್ನಿಸುತ್ತದೆ. ಅದೇ ಹುಲ್ಲಿನ ನಡುವೆ ಓಡಿ ನೋಡಿ. ಒಂದೊಂದು ಎಸಳೂ ಪ್ರತಿ ಫ್ರೇಮ್‌ನಲ್ಲಿ ಅಲುಗುತ್ತದೆ, ಹಿಂದಿನ ಫ್ರೇಮ್‌ನಿಂದ ಹಾಗೇ ಎತ್ತಿಕೊಳ್ಳಲು ಜಾಸ್ತಿ ಏನೂ ಉಳಿಯುವುದಿಲ್ಲ, ಫೈಲ್ ಬೇಗ ಬೆಳೆಯುತ್ತದೆ. ಮಳೆ, ಹೊಗೆ ಕೂಡ ಹಾಗೇ. ಆದ್ದರಿಂದ ನಿಮ್ಮ ಗೇಮ್‌ನ ಅತಿ ಗಲಾಟೆಯ ಜಾಗದಲ್ಲಿ 5 ನಿಮಿಷ ರೆಕಾರ್ಡ್ ಮಾಡಿ, ಬಂದ ಫೈಲ್ ಸೈಜನ್ನು 12ರಿಂದ ಗುಣಿಸಿ. ನನಗಂತೂ ಯಾವ ಕ್ಯಾಲ್ಕುಲೇಟರ್‌ಗಿಂತಲೂ ಇದರ ಮೇಲೇ ನಂಬಿಕೆ.

1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 931 ಜಿಬಿ ಅಂತ ಕಾಣುತ್ತದೆ, ಅದು ಮೋಸವಲ್ಲ, ಎಣಿಸುವ ರೀತಿ ಬೇರೆ. ಪೆನ್‌ಡ್ರೈವ್‌ನ ಫಾರ್ಮ್ಯಾಟ್ (ಫೈಲ್‌ಗಳನ್ನು ಜೋಡಿಸಿಡುವ ರೀತಿ) ಫ್ಯಾಟ್32 ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವುದಿಲ್ಲ, ಫಾರ್ಮ್ಯಾಟ್ ಮಾಡಿ ಎಕ್ಸ್‌ಫ್ಯಾಟ್‌ಗೆ ಬದಲಿಸಿಕೊಳ್ಳಿ. ಹಾಗೆ ಮಾಡಿದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲು ಬೇರೆ ಕಡೆ ಕಾಪಿ ಮಾಡಿ.

ಆಟ ಶುರು ಮಾಡುವ ಮುಂಚೆ ಒಬಿಎಸ್‌ನ ಡಾಕ್ಸ್ ಮೆನುವಿನಲ್ಲಿ ಸ್ಟ್ಯಾಟ್ಸ್ ತೆರೆದಿಡಿ. ರೆಕಾರ್ಡಿಂಗ್ ನಡೆಯುತ್ತಿದ್ದಾಗ ಡಿಸ್ಕ್ ತುಂಬಲು ಇನ್ನೆಷ್ಟು ಹೊತ್ತಿದೆ ಅಂತ ಅದೇ ತೋರಿಸುತ್ತಿರುತ್ತದೆ.