ಕುಡಿತ ಬಿಟ್ಟ ಮೇಲೆ ಡಾಕ್ಟರ ಹತ್ತಿರ ನಾನು ಏನು ಹೇಳುತ್ತೇನೆ

ಯಾವ ಆಸ್ಪತ್ರೆಗೆ ಹೋದರೂ ಆ ಪ್ರಶ್ನೆ ಬಂದೇ ಬರುತ್ತದೆ. ಬಿಪಿ ಉಂಟಾ, ಶುಗರ್ ಉಂಟಾ, ಸಿಗರೇಟು ಸೇದ್ತೀರಾ, ಡ್ರಿಂಕ್ಸ್ ಉಂಟಾ? ಕುಡಿತ ಬಿಟ್ಟ ನಮ್ಮಂಥವರಿಗೆ "ಇಲ್ಲ" ಎನ್ನುವುದು ಬಹಳ ಸುಲಭ, ಯಾಕೆಂದರೆ ಅದು ಸುಳ್ಳಲ್ಲ. ಇವತ್ತು ಕುಡಿದಿಲ್ಲ, ನಿನ್ನೆಯೂ ಕುಡಿದಿಲ್ಲ. ಡಾಕ್ಟರು ಹಾಗೇ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಆಮೇಲೆ, ವರ್ಷಗಟ್ಟಲೆ ಕುಡಿದ ಮೈಗೆ, ಒಂದು ತೊಟ್ಟೂ ಮುಟ್ಟದವರಿಗೆ ಕೊಡುವ ಮದ್ದನ್ನೇ ಬರೆಯುತ್ತಾರೆ. ತೊಂದರೆ ಇರುವುದು ಅಲ್ಲಿ. ಅದಕ್ಕೇ ನಾನು "ಇಲ್ಲ" ಎಂದು ನಿಲ್ಲಿಸುವುದಿಲ್ಲ. ಅವರು ಕೇಳುವ ಮೊದಲೇ ಹೇಳಿಬಿಡುತ್ತೇನೆ: "ಡಾಕ್ಟ್ರೇ, ಈಗ ಕುಡಿಯುವುದಿಲ್ಲ. ಮೊದಲು ತುಂಬಾ ಕುಡಿಯುತ್ತಿದ್ದೆ. ಚಿಕಿತ್ಸೆ ತಗೊಂಡು ಬಿಟ್ಟದ್ದು."

ನಾನು ಮಲ್ಪೆಯಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವನು. ಕುಡಿತ ಹೇಗೆ ಶುರುವಾಯಿತು, ಮನೆಯಲ್ಲಿ ಏನೆಲ್ಲ ಆಯಿತು ಎನ್ನುವುದು ಇಲ್ಲಿ ಬೇಡ, ಆ ದಾರಿಯಲ್ಲಿ ಬಂದವರಿಗೆಲ್ಲ ಅದು ಗೊತ್ತು. ಕುಡಿತ ಬಿಟ್ಟವರು ಸೇರುವ ನಮ್ಮ ಮೀಟಿಂಗಿಗೆ ಹೊಸದಾಗಿ ಬರುವವರು, ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಮುಗಿಸಿ ನವಜೀವನ ಸಮಿತಿಗೆ ಹೋಗುವವರು, ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: ಬಿಟ್ಟಾಯಿತಲ್ಲ, ಇನ್ನು ಅದನ್ನು ಹೇಳುವುದು ಯಾಕೆ? ನಾನು ಹೇಗೆ ಹೇಳುತ್ತೇನೆ, ಅದರಿಂದ ನನಗೇನಾಯಿತು ಎನ್ನುವುದನ್ನು ಬರೆಯುತ್ತೇನೆ.

ನನ್ನ ಆಸ್ಪತ್ರೆ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಚೀಟಿ ಇದೆ. ಗೆರೆ ಹಾಕಿದ ನೋಟ್‌ಬುಕ್ಕಿನ ಅರ್ಧ ಹಾಳೆ, ಪ್ಲಾಸ್ಟಿಕ್ ಕವರಿನೊಳಗೆ. ಎಷ್ಟು ವರ್ಷ ಕುಡಿದದ್ದು, ಕೊನೆಕೊನೆಗೆ ದಿನಕ್ಕೆ ಎಷ್ಟು, ಕೊನೆಯ ಸಲ ಕುಡಿದ ತಿಂಗಳು ಮತ್ತು ವರ್ಷ, ಬಿಡುವಾಗ ಕೈ ನಡುಕ ಬಂತಾ ಫಿಟ್ಸ್ ಬಂತಾ, ಆಗ ಎಲ್ಲಿ ಅಡ್ಮಿಟ್ ಆದದ್ದು, ಯಾವ ಮಾತ್ರೆ ಕೊಟ್ಟದ್ದು, ಲಿವರ್ ರಿಪೋರ್ಟಿನಲ್ಲಿ ಏನು ಬಂದಿತ್ತು, ಈಗ ಏನೇನು ತಗೊಳ್ಳುತ್ತಿದ್ದೇನೆ. ಇಷ್ಟೇ. ಬಾಯಲ್ಲಿ ಹೇಳಲು ಹೋದರೆ ನಾಲಿಗೆ ತಡವರಿಸುತ್ತದೆ, ಅರ್ಧ ನುಂಗಿಹೋಗುತ್ತದೆ. ಚೀಟಿ ತಡವರಿಸುವುದಿಲ್ಲ.

ಪ್ರಮಾಣ ಬರೆಯುವುದು ಮುಖ್ಯ. "ಸ್ವಲ್ಪ", "ಅಪರೂಪಕ್ಕೆ", "ಏನಾದರೂ ಫಂಕ್ಷನ್ ಇದ್ದರೆ" ಎಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಒಂದು ಕ್ವಾರ್ಟರ್ ಅಂದರೆ 180 ಮಿ.ಲೀ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿಯಲ್ಲಿ ಮದ್ಯಸಾರ ಶೇ. 42.8. ಲೆಕ್ಕ ಹಾಕಿದರೆ ಒಂದು ಕ್ವಾರ್ಟರಿಗೆ ಸುಮಾರು 60 ಗ್ರಾಂ ಮದ್ಯಸಾರ ಹೊಟ್ಟೆಗೆ ಹೋಗುತ್ತದೆ. ಡಾಕ್ಟರುಗಳು 10 ಗ್ರಾಂ ಮದ್ಯಸಾರವನ್ನು ಒಂದು ಡ್ರಿಂಕ್ ಎಂದು ಎಣಿಸುತ್ತಾರೆ. ಅಂದರೆ ಕ್ವಾರ್ಟರಿಗೆ ಆರು. ನನ್ನದು ಕೊನೆಗೆ ದಿನಕ್ಕೆ ಎರಡು ಕ್ವಾರ್ಟರ್, ರಜೆ ಇದ್ದರೆ ಇನ್ನೂ ಜಾಸ್ತಿ. ಬಿಯರು, ಕಳ್ಳು ಇದೆಲ್ಲ ಕುಡಿತದ ಲೆಕ್ಕಕ್ಕೇ ಇಲ್ಲ ಎಂದು ನಮ್ಮ ಕಡೆ ತುಂಬಾ ಜನ ನಂಬಿದ್ದಾರೆ, ಅದು ತಪ್ಪು. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿ ನಾಲ್ಕು ಡ್ರಿಂಕಿಗೆ ಸಮ. ಅದನ್ನೂ ಬರೆಯಿರಿ.

ಈಗ ಎಲ್ಲ ಡಾಕ್ಟರೂ ಒಳ್ಳೆಯದಾಗಿ ಕೇಳುತ್ತಾರಾ? ಇಲ್ಲ. ಒಂದು ಸಲ ನನಗೆ ಊಟವಾದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬರಲು ಶುರುವಾಯಿತು, ಬೆನ್ನಿನವರೆಗೂ ಹೋಗುತ್ತಿತ್ತು. ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಹೋದೆ. ಚೀಟಿ ಓದಿದ ಮೇಲೆ ಆ ಡಾಕ್ಟರು ಹೊಟ್ಟೆ ಮುಟ್ಟಿ ನೋಡಲೂ ಇಲ್ಲ. "ಕುಡಿದದ್ದಕ್ಕೆ ಇದೆಲ್ಲ ಇದ್ದದ್ದೇ, ಅನುಭವಿಸಬೇಕು" ಎಂದು ಗ್ಯಾಸ್ಟ್ರಿಕ್ ಮಾತ್ರೆ ಬರೆದರು. ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಮುಖ ನೋಡಲು ನನ್ನಿಂದ ಆಗಲಿಲ್ಲ. "ಸರ್, ಕುಡಿದದ್ದು ಹೌದು. ಈ ನೋವು ಯಾಕೆ ಅಂತ ಒಮ್ಮೆ ನೋಡಿ" ಎಂದೆ. ಅವರು ಬೆಲ್ ಒತ್ತಿ ಮುಂದಿನವರನ್ನು ಕರೆದರು.

ಹೊರಗೆ ಬಂದು ಹೆಂಡತಿ ಹೇಳಿದಳು, ಇನ್ನು ಆ ಚೀಟಿ ತೋರಿಸುವುದು ಬೇಡ ಎಂದು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ, ಅವಮಾನ ಅವಳಿಗೂ ಆಗಿತ್ತು. ಆದರೆ ನಾನು ಬದಲಾಯಿಸಿದ್ದು ಡಾಕ್ಟರನ್ನು, ಚೀಟಿಯನ್ನಲ್ಲ. ಎರಡನೆಯವರು ಅದೇ ಚೀಟಿ ಓದಿ ಸ್ಕ್ಯಾನಿಂಗ್ ಮಾಡಿಸಿದರು. ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿತು. ಲಿವರಿನಲ್ಲಿ ಸ್ವಲ್ಪ ಕೊಬ್ಬು ತುಂಬಿದೆ, ಗಟ್ಟಿಯಾಗಿಲ್ಲ ಎಂದೂ ಗೊತ್ತಾಯಿತು. ಯಾರಾದರೂ ನಿಮ್ಮನ್ನು ಹಾಗೆ ಕಡೆಗಣಿಸಿದರೆ ಬೇರೆಯವರ ಹತ್ತಿರ ಹೋಗಿ. ಮುಚ್ಚಿಡಲು ಮಾತ್ರ ಕಲಿಯಬೇಡಿ.

ಚೀಟಿ ನಿಜವಾಗಿ ಕೆಲಸಕ್ಕೆ ಬಂದದ್ದು ಆ ಕಲ್ಲಿನ ಆಪರೇಷನ್ನಿನ ಮೊದಲು. ಅನಸ್ತೇಶಿಯಾ ಕೊಡುವ ಮೇಡಂ ಹಿಂದಿನ ದಿನ ಸಂಜೆ ವಾರ್ಡಿಗೆ ಬಂದರು. ಬಾಯಿ ತೆರೆಸಿ ನೋಡಿದರು, ಕುತ್ತಿಗೆ ಹಿಂದಕ್ಕೆ ಬಾಗಿಸಲು ಹೇಳಿದರು, ಆಮೇಲೆ ಚೀಟಿ ಓದಿದರು. ಓದಿ ಮುಗಿಸಿ, ಮಂಚದ ಪಕ್ಕದ ಸ್ಟೂಲ್ ಎಳೆದು ಕೂತರು.

"ಕೊನೆಯದು ನಿಜವಾಗಿಯೂ ಅಷ್ಟು ಹಿಂದೆಯಾ? ಬೇಜಾರು ಮಾಡ್ಕೊಳ್ಬೇಡಿ, ನಾನು ಎಲ್ಲರ ಹತ್ತಿರವೂ ಎರಡು ಸಲ ಕೇಳ್ತೇನೆ."

"ಹೌದು ಮೇಡಂ. ಬೇಕಾದ್ರೆ ಇವಳ ಹತ್ತಿರ ಕೇಳಿ."

ಅವರು ಕೇಳಿದರು, ಹೆಂಡತಿ ಹೌದೆಂದಳು. ಎರಡು ಸಲ ಕೇಳುವುದು ಯಾಕೆ ಎಂದು ಆಮೇಲೆ ಅವರೇ ಬಿಡಿಸಿ ಹೇಳಿದರು. ದಿನಾ ಕುಡಿಯುವವನು ಅದನ್ನು ಮುಚ್ಚಿಟ್ಟು ಅಡ್ಮಿಟ್ ಆದರೆ, ಆಸ್ಪತ್ರೆಯಲ್ಲಿ ಕುಡಿತ ತಟ್ಟನೆ ನಿಲ್ಲುತ್ತದೆ. ನಿಂತ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಡೆಲೀರಿಯಂ. ಇಲ್ಲದ್ದು ಕಾಣಿಸುತ್ತದೆ, ಯಾರು ಎತ್ತ ಎಂದು ಗೊತ್ತಾಗುವುದಿಲ್ಲ, ಡ್ರಿಪ್ ಕಿತ್ತೆಸೆಯುತ್ತಾರೆ. ಹೊಲಿಗೆ ಹಾಕಿದ ಹೊಟ್ಟೆ ಇಟ್ಟುಕೊಂಡು ಹಾಗಾದರೆ ಜೀವಕ್ಕೇ ಅಪಾಯ. ಮೊದಲೇ ಗೊತ್ತಿದ್ದರೆ ಅದಕ್ಕೆ ಮದ್ದಿದೆ, ವಿಟಮಿನ್ ಬಿ1 ಇಂಜೆಕ್ಷನ್ ಇದೆ, ತಡೆಯಬಹುದು.

ನನ್ನಂತೆ ಬಿಟ್ಟು ವರ್ಷಗಳಾದವರಿಗೆ ಆ ಭಯ ಇಲ್ಲ. ಆದರೂ ಅವರು ರಕ್ತ ಹೆಪ್ಪುಗಟ್ಟುವ ಟೆಸ್ಟು ಮತ್ತು ಪ್ಲೇಟ್‌ಲೆಟ್ ಇನ್ನೊಮ್ಮೆ ಮಾಡಿಸಿದರು, ಯಾಕೆಂದರೆ ಹೆಪ್ಪುಗಟ್ಟಿಸುವ ಅಂಶಗಳು ತಯಾರಾಗುವುದು ಲಿವರಿನಲ್ಲೇ. ಆಮೇಲೆ ನೋವಿನ ಮದ್ದಿನ ಮಾತು ಬಂತು. ನಾನು ಕೇಳಿಕೊಂಡದ್ದು ಇಷ್ಟೇ: ಚಟ ಹಿಡಿಸುವ ನೋವಿನ ಮಾತ್ರೆ ಆದಷ್ಟು ಬೇಡ, ಕೊಡಲೇಬೇಕಾದರೆ ಕಡಿಮೆ ದಿನ ಕೊಡಿ, ಮನೆಗೆ ಕಳಿಸುವಾಗ ಹೆಂಡತಿಯ ಕೈಗೆ ಕೊಡಿ. ಟ್ರಮಡಾಲ್ ಅಂಥದ್ದೇ ಒಂದು, ಕೆಲವರಿಗೆ ಫಿಟ್ಸ್ ಕೂಡ ತರಿಸಬಹುದು. ಹಾಗೆಂದು ನೋವು ತಿನ್ನುತ್ತಾ ಮಲಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನೋವು ತಡೆಯಲಾಗದೆ ಬಾಟಲಿಗೆ ಮರಳಿದವರನ್ನು ನಾನು ನೋಡಿದ್ದೇನೆ. ಮದ್ದು ಬೇಕು, ಅದರ ಮೇಲೆ ಇನ್ನೊಬ್ಬರ ಕಣ್ಣೂ ಬೇಕು.

ಜ್ವರದ ವಿಷಯ ನಮ್ಮ ಊರಿನವರು ಸರಿಯಾಗಿ ತಿಳಿದುಕೊಳ್ಳಬೇಕು. ಮಳೆಗಾಲ ಬಂತೆಂದರೆ ಮಂಗಳೂರಿನಲ್ಲಿ ಮಲೇರಿಯಾ, ಡೆಂಗಿ, ಗದ್ದೆ ಕೆಲಸದವರಿಗೆ ಇಲಿ ಜ್ವರ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಇಲಿ ಜ್ವರದಲ್ಲಿ ಕಣ್ಣು ಹಳದಿಯಾಗುತ್ತದೆ. ಕುಡಿತದಿಂದ ಕೆಟ್ಟ ಲಿವರೂ ಇದೇ ಎರಡನ್ನು ಮಾಡುತ್ತದೆ. ಯಾವುದು ಹೊಸದು, ಯಾವುದು ಹಳೆಯದು ಎಂದು ಹಿಂದಿನ ಕಥೆ ಗೊತ್ತಿಲ್ಲದೆ ಡಾಕ್ಟರು ಹೇಗೆ ಹೇಳಬೇಕು? ಅದಕ್ಕೇ ನಾನು ಹಳೆಯ ರಿಪೋರ್ಟುಗಳನ್ನೂ ಅದೇ ಫೈಲಿನಲ್ಲಿ ಇಟ್ಟಿದ್ದೇನೆ. ಇನ್ನು ಜ್ವರ ಬಂದ ಕೂಡಲೇ ಮೆಡಿಕಲ್ಲಿನಿಂದ ತಂದು ನುಂಗುವ ಪ್ಯಾರಾಸಿಟಮಾಲ್. ತುಂಬಾ ಕುಡಿಯುವವರು, ಲಿವರ್ ಕೆಟ್ಟವರು ದಿನಕ್ಕೆ 2 ಗ್ರಾಂ ದಾಟಬಾರದು ಎನ್ನುತ್ತಾರೆ. ಅಂದರೆ 650ರ ಮಾತ್ರೆ ಮೂರು, ಅಷ್ಟೇ. ನಿಮ್ಮ ಮಿತಿ ಎಷ್ಟು ಎಂದು ನಿಮ್ಮ ಡಾಕ್ಟರ ಹತ್ತಿರವೇ ಕೇಳಿ ಬರೆದಿಟ್ಟುಕೊಳ್ಳಿ.

ಆಯುರ್ವೇದದವರ ಹತ್ತಿರವೂ ಹೇಳಬೇಕು ಮಾರಾಯ್ರೆ, ಇದನ್ನು ಯಾರೂ ಯೋಚಿಸುವುದೇ ಇಲ್ಲ. ದಶಮೂಲಾರಿಷ್ಟ, ದ್ರಾಕ್ಷಾರಿಷ್ಟದಂಥ ಅರಿಷ್ಟ, ಆಸವಗಳನ್ನು ಹುಳಿಬರಿಸಿಯೇ ಮಾಡುವುದು, ಅದರಲ್ಲಿ ಮದ್ಯಸಾರ ತಾನಾಗಿ ಹುಟ್ಟುತ್ತದೆ. ಲೇಬಲ್ಲಿನಲ್ಲೇ ಬರೆದಿರುತ್ತಾರೆ, ಓದಿ ನೋಡಿ. ಕೆಲವು ಕೆಮ್ಮಿನ ಸಿರಪ್ಪಿನಲ್ಲೂ ಇರುತ್ತದೆ, ಹೋಮಿಯೋಪತಿಯ ಟಿಂಕ್ಚರಿನಲ್ಲೂ ಇರುತ್ತದೆ. ಕುಡಿತ ಬಿಡಿಸಲು ಡೈಸಲ್ಫಿರಾಂ ಮಾತ್ರೆ ತಗೊಳ್ಳುವವರಿಗೆ ಇದು ಇನ್ನೂ ಅಪಾಯ. ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಡವಡವ ಎಂದು ಬಿಪಿ ಇಳಿದುಹೋಗಬಹುದು. ಆ ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರುತ್ತದೆ. ನಾನು ಹೇಳಿದಾಗ ನಮ್ಮ ವೈದ್ಯರು ಒಂದು ಕ್ಷಣ ನನ್ನನ್ನು ನೋಡಿ, ಬರೆದಿದ್ದ ಅರಿಷ್ಟವನ್ನು ಹೊಡೆದುಹಾಕಿ ಮನೆಯಲ್ಲೇ ಕುದಿಸುವ ಕಷಾಯದ ಪುಡಿ ಬರೆದುಕೊಟ್ಟರು. "ಹೇಳಿದ್ದು ಒಳ್ಳೆಯದಾಯ್ತು" ಎಂದರು.

ನಿದ್ದೆ ಮಾತ್ರೆಯೂ ಹೀಗೇ. ಬಿಟ್ಟ ಮೊದಲ ತಿಂಗಳುಗಳಲ್ಲಿ ರಾತ್ರಿ ನಿದ್ದೆ ಬರುವುದಿಲ್ಲ. ಕೇಳಿದರೆ ಆಲ್ಪ್ರಜೋಲಾಂ ಬರೆದುಕೊಡುವವರು ಇದ್ದಾರೆ. ಮಿದುಳಿನಲ್ಲಿ ಮದ್ಯ ಎಲ್ಲಿ ಕೆಲಸ ಮಾಡುತ್ತದೋ ಅದೂ ಹೆಚ್ಚುಕಡಿಮೆ ಅಲ್ಲೇ ಕೆಲಸ ಮಾಡುತ್ತದೆ. ಒಂದು ಬಿಟ್ಟು ಇನ್ನೊಂದು ಹಿಡಿದಂತೆ ಆಗುತ್ತದೆ. ಹಿಂದಿನದನ್ನು ಹೇಳಿ, ಬೇರೆ ದಾರಿ ಉಂಟಾ ಎಂದು ಕೇಳಿ. ಹೆಚ್ಚಾಗಿ ಇರುತ್ತದೆ.

ನಮ್ಮದು ಸಣ್ಣ ಊರು, ಗುಟ್ಟು ನಿಲ್ಲುವುದಿಲ್ಲ, ಈ ಹೆದರಿಕೆ ನನಗೆ ಚೆನ್ನಾಗಿ ಗೊತ್ತು. ನರ್ಸು ನಮ್ಮ ಭಜನಾ ಮಂಡಳಿಯವಳು, ಕಾಂಪೌಂಡರು ಅಕ್ಕನ ಗಂಡನ ಕಡೆಯವನು, ಮೆಡಿಕಲ್ಲಿನಲ್ಲಿ ನಿಂತವನು ಜೊತೆಗೆ ಓದಿದವನು. ನಾನು ಮಾಡುವುದು ಹೀಗೆ. ಒಳಗೆ ಹೋದ ಕೂಡಲೇ "ಡಾಕ್ಟ್ರೇ, ಎರಡು ನಿಮಿಷ ನಿಮ್ಮ ಹತ್ತಿರ ಮಾತ್ರ ಮಾತಾಡ್ಬೇಕಿತ್ತು" ಎನ್ನುತ್ತೇನೆ. ಇಲ್ಲಿಯವರೆಗೆ ಯಾರೂ ಆಗುವುದಿಲ್ಲ ಎಂದಿಲ್ಲ. ರೋಗಿಯ ಗುಟ್ಟು ಕಾಯುವುದು ಡಾಕ್ಟರ ವೃತ್ತಿಯ ನಿಯಮ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಕೂಡ ಇದನ್ನು ಹಕ್ಕಾಗಿ ಕೊಟ್ಟಿದೆ, ಮದ್ಯವ್ಯಸನದಿಂದ ಬರುವ ತೊಂದರೆಗಳೂ ಆ ಕಾಯ್ದೆಯೊಳಗೆ ಬರುತ್ತವೆ.

ಡಿಸ್ಚಾರ್ಜ್ ಮಾಡುವಾಗ ಕೊಡುವ ಕಾಗದವನ್ನು ಬಿಲ್ಲು ಕಟ್ಟುವ ಮೊದಲು ಓದಿ ನೋಡಿ. ನನ್ನದರಲ್ಲಿ ಕುಡುಕ ಎನ್ನುವ ಅರ್ಥದಲ್ಲಿ ಬರೆದಿತ್ತು, ಈಗಲೂ ಕುಡಿಯುತ್ತಿದ್ದೇನೆ ಎಂದು ಓದುವವರಿಗೆ ಅನಿಸಬೇಕು, ಹಾಗೆ. ಕೇಳಿದೆ. ಹಿಂದೆ ಇತ್ತು, ಇಂಥ ವರ್ಷದಿಂದ ಇಲ್ಲ ಎಂದು ತಿದ್ದಿಕೊಟ್ಟರು. ಇನ್ಶೂರೆನ್ಸ್ ಫಾರ್ಮಿನಲ್ಲೂ ನಿಜವನ್ನೇ ಬರೆದಿದ್ದೇನೆ, ಅಲ್ಲಿ ಮುಚ್ಚಿಟ್ಟರೆ ಕ್ಲೇಮು ಬರುವ ಹೊತ್ತಿಗೆ ಕೈಬಿಡುತ್ತಾರೆ.

ಕೊನೆಯದಾಗಿ, ಮಧ್ಯದಲ್ಲಿ ಜಾರಿದವರ ವಿಷಯ. ಬಿಟ್ಟೆ ಎಂದು ಡಾಕ್ಟರಿಗೆ ಹೇಳಿ, ಆಮೇಲೆ ಮತ್ತೆ ಶುರುವಾದರೆ, ಅದನ್ನು ಹೇಳಲು ಮೊದಲಿಗಿಂತ ಕಷ್ಟ. ನಮ್ಮ ಮೀಟಿಂಗಿಗೆ ಬರುವ ಒಬ್ಬ ಹುಡುಗನಿಗೆ ಮಂಗಳೂರಿನಲ್ಲಿ ಮಂಡಿಯ ಆಪರೇಷನ್ ನಿಗದಿಯಾಗಿತ್ತು. ಎರಡು ದಿನ ಇರುವಾಗ ರಾತ್ರಿ ಫೋನ್ ಮಾಡಿದ. "ಅಣ್ಣಾ, ಒಂದು ತಿಂಗಳಿಂದ ದಿನಾ ಕುಡೀತಿದ್ದೇನೆ. ಡಾಕ್ಟ್ರಿಗೆ ಬಿಟ್ಟಿದ್ದೇನೆ ಅಂತ ಹೇಳಿ ಆಗಿದೆ. ನಾಳೆಯಿಂದ ನಿಲ್ಲಿಸಿದ್ರೆ ಸಾಕಲ್ವಾ?" ಸಾಕಾಗುವುದಿಲ್ಲ, ತಟ್ಟನೆ ನಿಲ್ಲಿಸುವುದೇ ಅಪಾಯ ಎಂದು ಮೇಡಂ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದೆ. ಬೆಳಿಗ್ಗೆ ನಾನೇ ಅವನ ಜೊತೆ ಬಸ್ಸಿನಲ್ಲಿ ಹೋದೆ. ಮೂಲ್ಕಿ ದಾಟುವವರೆಗೂ ಅವನು ಒಂದು ಮಾತಾಡಲಿಲ್ಲ. ಒಳಗೆ ಹೋಗಿ ಅವನೇ ಹೇಳಿದ. ಡಾಕ್ಟರು ಬೈಯಲಿಲ್ಲ, ಆಪರೇಷನ್ ಮುಂದೆ ಹಾಕಿದರು, ಮನೋವೈದ್ಯರ ಹತ್ತಿರ ಕಳಿಸಿದರು. ಅವರು ಅಡ್ಮಿಟ್ ಮಾಡಿಕೊಂಡು ಮದ್ದು ಕೊಟ್ಟು ಹದವಾಗಿ ಬಿಡಿಸಿದರು. ಮಂಡಿಯ ಆಪರೇಷನ್ ಕೆಲವು ವಾರ ಕಳೆದು ಆಯಿತು. ಅಂಥ ಹೊತ್ತಿನಲ್ಲಿ ಕರೆಯಲು ಜೊತೆಗೆ ಯಾರೂ ಇಲ್ಲದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಉಡುಪಿ ಕಡೆಯವರಿಗೆ ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆ ಇದೆ, ಮಂಗಳೂರಿನವರಿಗೆ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಇದೆ.